ಗಡಿಯಾಚೆಯ ಸಾಲವಸೂಲಿ: ಶಿಕಾರಿಪುರ–ಸೊರಬ ಸೀಮೆಯನ್ನು ಕುರಿತು ಒಂದು ವಿವೇಚನೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಪ್ರಾಚೀನ ಬನವಾಸಿ ನಾಡಿನ ಭಾಗಗಳು. ಆ ನಾಡಿನ ರಾಜಧಾನಿಯಾಗಿ ಮೆರೆದ ಬಳ್ಳಿಗಾವೆ ಶಿಕಾರಿಪುರ ತಾಲ್ಲೂಕಿನಲ್ಲಿದೆ. ನಾಡಿಗೆ ಹೆಸರಿತ್ತ ಬನವಾಸಿಯಾದರೋ ಶಿರಸಿ ತಾಲ್ಲೂಕಿನಲ್ಲಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಮೊದಲಿನವೆರಡೂ ಮೈಸೂರು ಸಂಸ್ಥಾನದಲ್ಲಿ ಉಳಿದವು. ಶಿರಸಿಯ ಸೀಮೆ ಕಂಪನಿಯ ವಶವಾಯಿತು. ೧೮೧೮ರಲ್ಲಿ ಪೇಶ್ವೆಯ ಆಳಿಕೆ ಮುಗಿಯಲು ಹಾನಗಲ್ಲು, ಹಿರೇಕೆರೂರುಗಳ ಕಡೆಯೂ ಇಂಗ್ಲಿಷರ ಆಡಳಿತ ನೆಲೆಗೊಂಡಿತು. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹೀಗೆ ಒಂದೇ ನಾಡಿನ ನಡುವೆ ಗಡಿಯೊಂದು ಎದ್ದಿತು. ಸಂತೆ, ನೆಂಟಸ್ತಿಕೆ, ಕೊಳುಕೊಡೆಗಳು ಅದನ್ನು ಲೆಕ್ಕಿಸಲಿಲ್ಲ. ನ್ಯಾಯಾಲಯಗಳು ಮಾತ್ರ ಲೆಕ್ಕಿಸಿದವು. ಇದರಿಂದ ಸಾಲವಸೂಲಿಗೆ ಒದಗಿದ ತೊಡಕನ್ನು ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ಸೊರಬದ ಅಡಕೆ ವ್ಯಾಪಾರಿಯೊಬ್ಬನು ಶಿರಸಿಯವನೊಬ್ಬನಿಗೆ ಸಾಲ ಕೊಟ್ಟನೆಂದು ಭಾವಿಸೋಣ. ಹಣ ಬಾರದಿರಲು ಅವನು ಮೈಸೂರಿನ ಕೋರ್ಟಿನಲ್ಲಿ ದಾವೆ ಹೂಡುತ್ತಾನೆ. ಪ್ರತಿವಾದಿ ಹಾಜರಾಗುವುದಿಲ್ಲ, ಏಕಪಕ್ಷೀಯವಾಗಿ ಡಿಕ್ರಿಯಾಗುತ್ತದೆ. ಆದರೆ ಸಾಲಗಾರನ ಮನೆ, ತೋಟಗಳಿರುವುದು ಗಡಿಯಾಚೆ. ಮೈಸೂರಿನ ಅಮೀನನು ಅಲ್ಲಿ ಜಪ್ತಿ ಮಾಡಲಾರ. ಬ್ರಿಟಿಷ್ ಇಂಡಿಯಾದ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ದೃಷ್ಟಿಯಲ್ಲಿ ಸಂಸ್ಥಾನದ ನ್ಯಾಯಾಲಯವು ಪರದೇಶದ ನ್ಯಾಯಾಲಯವೇ. ಅಧಿಸೂಚನೆಯಿಂದ ಮನ್ನಣೆ ಪಡೆದ ಸಂಸ್ಥಾನಗಳ ಡಿಕ್ರಿಗಳನ್ನು ಮಾತ್ರ ಅಲ್ಲಿ ನೇರವಾಗಿ ಜಾರಿ ಮಾಡಲು ೪೪ನೆಯ ಪ್ರಕರಣವು ಅವಕಾಶವಿತ್ತಿತು.

ಇದಕ್ಕಿಂತ ಮೂಲಭೂತವಾದ ಅಡ್ಡಿ ಇನ್ನೊಂದು. ಫರೀದ್‌ಕೋಟ್ ರಾಜನ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು ೧೮೯೪ರಲ್ಲಿ ಹೀಗೆ ನಿರ್ಣಯಿಸಿತು: ತನ್ನ ಸೀಮೆಯಲ್ಲಿ ವಾಸಿಸದ, ತನ್ನ ಅಧಿಕಾರಕ್ಕೆ ಒಳಪಡದ ವ್ಯಕ್ತಿಯ ಮೇಲೆ ನ್ಯಾಯಾಲಯವು ಹಣಕ್ಕಾಗಿ ಕೊಟ್ಟ ಏಕಪಕ್ಷೀಯ ತೀರ್ಪು ಹೊರಗಿನ ದೇಶದಲ್ಲಿ ಶೂನ್ಯಪ್ರಾಯವಾದುದು. ಸಾಲಿಗನಿಗೆ ಇದು ಕಠಿಣವಾಗಿ ತೋರಬಹುದು. ಆದರೆ ದೂರದ ಕೋರ್ಟಿಗೆ ಎಳೆಯಲ್ಪಡುವ ಬಡ ಸಾಲಗಾರನಿಗೆ ಇದೇ ರಕ್ಷಣೆಯೆಂಬುದನ್ನೂ ಮರೆಯಲಾಗದು.

ಆದುದರಿಂದ ಸಾಲಗಾರನ ಊರಿನ ಕೋರ್ಟಿನಲ್ಲಿಯೇ ದಾವೆ ಹೂಡುವುದು ಸುರಕ್ಷಿತ ಮಾರ್ಗವಾಗಿತ್ತು. ಅದಕ್ಕೆ ಅಲ್ಲಿಯ ವಕೀಲನಿಗೆ ವಕಾಲತ್ತು ಕೊಡಬೇಕು. ಸಾಲಗಾರನ ಆಸ್ತಿ ಯಾವುದು, ಅದು ಯಾರ ಹೆಸರಿನಲ್ಲಿದೆ, ಮೊದಲೇ ಅಡವಾಗಿದೆಯೇ ಎಂಬುದನ್ನೂ ಅಲ್ಲಿಯವರಿಂದಲೇ ತಿಳಿಯಬೇಕು. ಹೊರಗಿನವನಿಗೆ ಸ್ಥಳೀಯ ವಕೀಲನ ಪ್ರಯೋಜನ ವಾದಮಂಡನೆಯಷ್ಟಕ್ಕೇ ಮುಗಿಯುವುದಿಲ್ಲ.

ಈ ಅಡ್ಡಿ ನಿವಾರಣೆಯಾದುದು ೧೯೫೬ರ ಏಕೀಕರಣದಿಂದ ಎಂದು ಊಹಿಸುವುದು ಸಹಜ. ವಸ್ತುಸ್ಥಿತಿ ಬೇರೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೨೬೧ನೆಯ ಅನುಚ್ಛೇದವು, ಭಾರತದ ಯಾವುದೇ ಭಾಗದ ಸಿವಿಲ್ ನ್ಯಾಯಾಲಯದ ಅಂತಿಮ ತೀರ್ಪು ಕಾನೂನಿಗೆ ಅನುಸಾರವಾಗಿ ದೇಶದಲ್ಲೆಲ್ಲ ಜಾರಿಯಾಗಬಲ್ಲುದೆಂದು ವಿಧಿಸಿತು. ೧೯೫೧ರ ಏಪ್ರಿಲ್ ೧ರಿಂದ ಮೇಲ್ಕಂಡ ಸಂಹಿತೆಯು ಮೈಸೂರಿಗೂ ಅನ್ವಯಿಸಿತು. ರಾಜ್ಯದ ಗಡಿ ಅಳಿಯುವುದಕ್ಕೆ ಐದು ವರ್ಷ ಮೊದಲೇ ನ್ಯಾಯದ ಗಡಿ ಅಳಿದಿತ್ತು. ಆದರೂ ಹಳೆಯ ಏಕಪಕ್ಷೀಯ ಡಿಕ್ರಿಗಳಿಗೆಲ್ಲ ಇದರಿಂದ ಜೀವ ಬರಲಿಲ್ಲ. ೧೯೪೮ರಲ್ಲಿ ಗ್ವಾಲಿಯರಿನಲ್ಲಿ ಆದ ಅಂಥದೊಂದು ಡಿಕ್ರಿಯನ್ನು ಅಲಹಾಬಾದಿನಲ್ಲಿ ಜಾರಿ ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೧೯೬೨ರಲ್ಲಿ ತೀರ್ಮಾನಿಸಿತು.

ಇಂದು ಸೊರಬ, ಶಿರಸಿಗಳೆರಡೂ ಕರ್ನಾಟಕದಲ್ಲಿವೆ. ಆದರೆ ಇಲ್ಲಿಯ ಅಡಕೆ ಉತ್ತರದ ರಾಜ್ಯಗಳಿಗೆ ಹೋಗುತ್ತದೆ. ಬಾಕಿಯೂ ಅಲ್ಲಿ ನಿಲ್ಲಬಹುದು. ಈಗ ಡಿಕ್ರಿ ಪಡೆದವನು ಅದನ್ನು ಸಾಲಗಾರನ ಆಸ್ತಿಯಿರುವ ನ್ಯಾಯಾಲಯಕ್ಕೆ ವರ್ಗ ಮಾಡಿಸಬೇಕು. ಡಿಕ್ರಿಯ ನಕಲು, ಎಷ್ಟು ಹಣ ಸಂದಾಯವಾಗಿಲ್ಲವೆಂಬ ಪ್ರಮಾಣಪತ್ರ ಮೊದಲಾದವು ಅಲ್ಲಿಗೆ ಹೋಗುತ್ತವೆ. ಆ ನ್ಯಾಯಾಲಯವು ತಾನೇ ಕೊಟ್ಟ ಡಿಕ್ರಿಯಂತೆ ಅದನ್ನು ಜಾರಿ ಮಾಡುತ್ತದೆ. ಸಾಮಾನ್ಯವಾಗಿ ಇದಕ್ಕೆ ಹನ್ನೆರಡು ವರ್ಷಗಳ ಕಾಲಮಿತಿಯುಂಟು. ೨೦೧೧ರಿಂದ ವಕೀಲರು ದೇಶದ ಎಲ್ಲ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕನ್ನು ಪಡೆದಿದ್ದರೂ, ಸ್ಥಳೀಯ ವಕೀಲನ ಆವಶ್ಯಕತೆ ತಪ್ಪಿಲ್ಲ.

ಹಳೆಯ ಕೋರ್ಟು ಕಡತಗಳಿಂದ ಈ ಸೀಮೆಯ ಆರ್ಥಿಕ ಚರಿತ್ರೆಯನ್ನು ಬರೆಯುವ ವಿದ್ಯಾರ್ಥಿಗಳು ಒಂದು ವಿಷಯವನ್ನು ಗಮನದಲ್ಲಿಡಬೇಕು. ಡಿಕ್ರಿಯಲ್ಲಿ ಕಾಣುವ ಮೊತ್ತವು ಸಾಲಿಗನ ಕೈಸೇರಿದ ಮೊತ್ತವಲ್ಲ. ೧೯೫೧ಕ್ಕೆ ಹಿಂದಿನ ಕಡತವಾದರೆ, ಸಾಲಗಾರನು ಗಡಿಯ ಯಾವ ಮಗ್ಗುಲಲ್ಲಿದ್ದನೆಂಬುದನ್ನು ಮೊದಲು ನೋಡತಕ್ಕದ್ದು. ಮೊತ್ತದ ಬೆಲೆ ಅದರಿಂದ ತಿಳಿಯುತ್ತದೆ.