ಅಡ್ವಾನ್ಸ್ ಕೊಡುವ ಮುಂಚೆ ಬಚ್ಚಲುಮನೆ ನೋಡಿ



ಬ್ಯಾಡರಹಳ್ಳಿಯ ಸಂಘಗಳಲ್ಲಿ ಮನೆ ಬದಲಾಯಿಸಲು ಸಾಲ ಕೇಳುವವರು ಇದ್ದೇ ಇರುತ್ತಾರೆ. ಅಡ್ವಾನ್ಸ್ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಎಲ್ಲಾ ವಿಚಾರಿಸಿರುತ್ತಾರೆ. ಬಚ್ಚಲುಮನೆಗೆ ಗಾಳಿಕಿಂಡಿ ಇದೆಯಾ ಅಂತ ನಾವು ಕೇಳಿದರೆ ನಗುತ್ತಾರೆ.

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಮಾಲೀಕರ ಹೊಣೆ. ನಮ್ಮಲ್ಲಿ ಬಾಡಿಗೆಗೆ ಕೊಡುವ ಮುಂಚೆ ಹಾಗೆ ಬಂದು ನೋಡುವ ಅಧಿಕಾರಿ ಇಲ್ಲ. ಆ ಕೆಲಸ ನಮ್ಮ ಮೇಲೇ ಬಿದ್ದಿದೆ.

ಬೆಂಗಳೂರಿನಲ್ಲಿ ಗ್ಯಾಸ್ ಗೀಸರ್‌ನಿಂದ ಬಚ್ಚಲಲ್ಲೇ ಪ್ರಾಣ ಹೋದ ಸುದ್ದಿಯನ್ನು ಮತ್ತೆ ಮತ್ತೆ ಓದಿದ್ದೇವೆ. ಗ್ಯಾಸ್ ಸೋರಿದರೆ ವಾಸನೆಯಿಂದ ಗೊತ್ತಾಗುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆ ಸುತ್ತಿ, ಕಾಲು ಸೋತು, ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. “ಸಿಲಿಂಡರ್ ಹೊರಗಿದೆಯಲ್ಲ ಸಿಸ್ಟರ್” ಅನ್ನುತ್ತಾರೆ. ಅದು ಸಾಲದು, ಉರಿಯುವ ಗೀಸರೇ ಹೊರಗಿರಬೇಕು. ಹೊರಗೆ ಹಾಕಿಸಿಕೊಟ್ಟ ಮೇಲೆಯೇ ಅಡ್ವಾನ್ಸ್ ಕೊಡಿ. ಬಾಡಿಗೆ ಐನೂರು ಕಮ್ಮಿ ಅಂತ ಇದರಲ್ಲಿ ರಾಜಿ ಬೇಡ. ಈಗಾಗಲೇ ಒಳಗೆ ಗೀಸರ್ ಇರುವ ಮನೆಯಲ್ಲಿದ್ದೀರಾ? ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನ ಮಾಡಿ. ಮಕ್ಕಳಿಗೂ ಹೀಗೇ ಹೇಳಿಕೊಡಿ.

ಮೇನ್ ಸ್ವಿಚ್ ಹತ್ತಿರ ಟೆಸ್ಟ್ ಬಟನ್ ಇರುವ ಇಎಲ್‌ಸಿಬಿ ಇದೆಯಾ ನೋಡಿ. ಬಟನ್ ಒತ್ತಿದರೆ ಕರೆಂಟ್ ಹೋಗಬೇಕು.

ಸಂಪಿನ ಮುಚ್ಚಳ ಒಡೆದಿದ್ದರೆ ಅದನ್ನೂ ಮೊದಲೇ ಬದಲಾಯಿಸಲು ಹೇಳಿ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟರೆ ನಗರದ ಮನೆಗೆ 400 ರೂ., ಹಳ್ಳಿಯ ಮನೆಗೆ 200 ರೂ. ದಂಡ ಎಂದು ನಿಯಮ ಮಾಡಿತು. ಮಾಲೀಕರಷ್ಟೇ ಅಲ್ಲ, ವಾಸ ಇರುವವರೂ ಹೊಣೆ.

ಇನ್ನು ರಿಪೇರಿ. 1999ರ ಕರ್ನಾಟಕ ಬಾಡಿಗೆ ಕಾಯಿದೆ ನಗರದಲ್ಲಿ ತಿಂಗಳಿಗೆ 3500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದು. ಈಗ ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತೆ ಹೇಳಿ! ಹಾಗಾಗಿ ಕರಾರುಪತ್ರವೇ ನಮಗೆ ಆಧಾರ. “ವೈರಿಂಗ್, ಗೀಸರ್, ಸಂಪ್ ರಿಪೇರಿ ಮಾಲೀಕರದು” ಎಂದು ಅದರಲ್ಲಿ ಬರೆಸಿ. ಹಾಗೆ ಬರೆದಿದ್ದು, ನೋಟೀಸ್ ಕೊಟ್ಟರೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯಿದೆ ಅವಕಾಶ ಕೊಡುತ್ತದೆ. ನೋಟೀಸಿಗೆ ಲಾಯರೇ ಬೇಕೆಂದಿಲ್ಲ. ಕಾಗದ ಬರೆದು ಕೊಡಿ, ಒಂದು ಪ್ರತಿ ಮತ್ತು ರಿಪೇರಿಯ ರಸೀದಿ ಇಟ್ಟುಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬಾಡಿಗೆ ಹಿಡಿದರೆ ಜಗಳ ಖಂಡಿತ.

ಮನೆ ನೋಡಲು ಒಬ್ಬರೇ ಹೋಗಬೇಡಿ. ಸಂಘದ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಒಬ್ಬರು ಮಾಲೀಕರ ಹತ್ತಿರ ಮಾತಾಡುತ್ತಿರಲಿ, ಇನ್ನೊಬ್ಬರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಗಾಳಿ ಎಲ್ಲಿಂದ ಬರುತ್ತೆ ಅಂತ ನೋಡಲಿ.