ನೀರು ಸುರಿಸುವ ಒಣಗಣ್ಣು

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಊರಂಚಿಗೆ ಉದ್ಯಮಬಾಗ. ಫೌಂಡ್ರಿ, ಮಶೀನ್ ಶಾಪ್, ವೆಲ್ಡಿಂಗ್: ಕಣ್ಣಿಗೆ ಕಷ್ಟ ಕೊಡುವ ಕೆಲಸಗಳೆಲ್ಲ ಇಲ್ಲಿ ಅಕ್ಕಪಕ್ಕದಲ್ಲೇ ಇವೆ. ಭಟ್ಟಿಯ ಮುಂದೆ ಒಣ ಬಿಸಿಗಾಳಿ, ಅಚ್ಚು ಒಡೆಯುವಾಗ ಏಳುವ ಉಸುಕಿನ ಧೂಳು, ಸೆಕೆ ತಾಳದೆ ನೇರ ಮುಖಕ್ಕೇ ತಿರುಗಿಸಿಕೊಂಡ ದೊಡ್ಡ ಫ್ಯಾನು. ಸಿಎನ್‌ಸಿ ಮಶೀನಿನ ಮುಂದೆ ನಿಂತವರ ತೊಂದರೆ ಬೇರೆ ಬಗೆಯದು. ನಾವು ನಿಮಿಷಕ್ಕೆ ಹೆಚ್ಚುಕಡಿಮೆ 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕೆ, ಕೆಲವರಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತದೆ.

“ಕಣ್ಣಾಗ ಉಸುಕ ಬಿದ್ದಂಗ ಆಗತೈತ್ರಿ ಡಾಕ್ಟ್ರ, ನೀರ ಸುರೀತಾವ” ಎಂದು ಬಂದವರಿಗೆ ನಿಮ್ಮ ಕಣ್ಣು ಒಣಗಿದೆ ಎಂದರೆ ನಂಬಿಕೆ ಬರುವುದು ಕಷ್ಟ. ಒಣಗಿದ್ದರೆ ನೀರು ಎಲ್ಲಿಂದ ಬಂತು? ಕೇಳಬೇಕಾದ ಪ್ರಶ್ನೆಯೇ ಇದು. ಹೊಸ ಔಷಧಿಗಳು ಹುಟ್ಟಿದ್ದೂ ಇದರ ಉತ್ತರದಿಂದಲೇ.

ಕಣ್ಣಿನ ಮೇಲಿರುವ ಕಣ್ಣೀರಿನ ಪೊರೆ ಕೆಲವೇ ಮೈಕ್ರಾನ್ ದಪ್ಪದ್ದು. ಅದು ಬರೀ ನೀರಲ್ಲ. ತಳದಲ್ಲಿ ನೀರನ್ನು ಕಣ್ಣಿಗೆ ಅಂಟಿಸಿಡುವ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ರೆಪ್ಪೆಯಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳು ಈ ಎಣ್ಣೆಯನ್ನು ಒಸರುತ್ತವೆ. ಪ್ರತಿ ಸಲ ರೆಪ್ಪೆ ಬಡಿದಾಗ ಅದು ಹರಡಿಕೊಳ್ಳುತ್ತದೆ. ಗ್ರಂಥಿಯ ಬಾಯಿ ಕಟ್ಟಿದರೆ, ರೆಪ್ಪೆ ಸಾಕಷ್ಟು ಬಡಿಯದಿದ್ದರೆ ಎಣ್ಣೆ ತೆಳುವಾಗಿ ನೀರು ಆವಿಯಾಗುತ್ತದೆ. ಉಳಿದ ನೀರಿನಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ. ಕಾರ್ನಿಯಾದ ನರಗಳು ಉರಿಯುತ್ತವೆ, ಮಿದುಳು ಗಾಬರಿಬಿದ್ದು ನೀರು ಸುರಿಸುತ್ತದೆ. ಎಣ್ಣೆಯಿಲ್ಲದ ಆ ನೀರು ನಿಲ್ಲುವುದಿಲ್ಲ, ಕೆನ್ನೆಗೆ ಇಳಿದು ಹೋಗುತ್ತದೆ.

ಆದ್ದರಿಂದ ಕಣ್ಣಿಗೆ ನೀರಿನಂಥ ಹನಿ ಹಾಕುವ ಮೊದಲು ಕೆಟ್ಟಿರುವುದು ಯಾವ ಪದರ ಎಂದು ತಿಳಿಯಬೇಕು. 1903ರಲ್ಲಿ ಶಿರ್ಮರ್ ಎಂಬ ಜರ್ಮನ್ ವೈದ್ಯ ರೂಪಿಸಿದ ಕಾಗದದ ಪಟ್ಟಿ ಈಗಲೂ ಬಳಕೆಯಲ್ಲಿದೆ: ಕೆಳರೆಪ್ಪೆಗೆ ಸಿಕ್ಕಿಸಿ, 5 ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತು ಎಂದು ಅಳೆಯುತ್ತಾರೆ. ಅದು ನೀರನ್ನಷ್ಟೇ ಹೇಳುತ್ತದೆ. ಎಣ್ಣೆಯ ಸುಳಿವು ಬೇಕಾದರೆ ಹಳದಿ ಬಣ್ಣದ ಫ್ಲೋರೆಸಿನ್ ಹಾಕಿ, ರೆಪ್ಪೆ ಬಡಿದ ಮೇಲೆ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ನೋಡಬೇಕು. 10 ಸೆಕೆಂಡಿಗೂ ಮೊದಲೇ ಒಡೆದರೆ ಅನುಮಾನ. ಎರಡನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.

2017ರ ಅಂತಾರಾಷ್ಟ್ರೀಯ ತಜ್ಞರ ವರದಿ ಈ ರೋಗದ ವ್ಯಾಖ್ಯೆಗೆ ಉರಿಯೂತದ ಜೊತೆ ನರಗಳ ಏರುಪೇರನ್ನೂ ಸೇರಿಸಿತು. ಚಿಕಿತ್ಸೆಯೂ ಹಾಗೇ ಕವಲೊಡೆದಿದೆ. ಉರಿಯೂತಕ್ಕೆ ಸೈಕ್ಲೋಸ್ಪೋರಿನ್ ಇದೆ. ನಾರ್ವೆಯ ಮಣ್ಣಿನ ಶಿಲೀಂಧ್ರದಲ್ಲಿ ಸಿಕ್ಕಿ, ಕಿಡ್ನಿ ಕಸಿಗೆ ನೆರವಾದ ಈ ಔಷಧಿ ಕಣ್ಣಿನ ಹನಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2002ರಲ್ಲಿ. ಗುಣ ಕಾಣಲು ವಾರಗಳು, ತಿಂಗಳುಗಳು ಬೇಕು. ನಾಲ್ಕು ದಿನ ಹಾಕಿ ಬಿಟ್ಟವರೇ ಹೆಚ್ಚು “ಕೆಲಸ ಮಾಡಲಿಲ್ಲ” ಅನ್ನುತ್ತಾರೆ. ಆವಿಯಾಗುವುದನ್ನು ತಡೆಯಲು 2023ರಲ್ಲಿ ಅಲ್ಲಿ ಪರ್‌ಫ್ಲೂರೋಹೆಕ್ಸಿಲಾಕ್ಟೇನ್ ಬಂತು. ಈ ಹನಿಯಲ್ಲಿ ನೀರೇ ಇಲ್ಲ! ಸಿಗರೇಟು ಬಿಡಿಸುವ ವರೆನಿಕ್ಲಿನ್ 2021ರಲ್ಲಿ ಮೂಗಿನ ಸ್ಪ್ರೇ ಆಗಿ ಬಂತು. ಅದು ಮೂಗಿನೊಳಗಿನ ನರವನ್ನು ಕೆರಳಿಸಿ ಕಣ್ಣೀರು ತರಿಸುತ್ತದೆ, ಬಹುಪಾಲು ಜನರಿಗೆ ಸೀನನ್ನೂ ತರಿಸುತ್ತದೆ.

ನನಗೆ ಹೆಚ್ಚು ಸೋಜಿಗ ತರುವುದು ಅಕೋಲ್ಟ್ರೆಮಾನ್ ಎಂಬ ಹನಿ. ಮೆಂಥಾಲ್ ಸೋಕಿದಾಗ ತಂಪೆನಿಸುವುದು ಟಿಆರ್‌ಪಿಎಂ8 ಎಂಬ ಗ್ರಾಹಕದಿಂದ. ಅದನ್ನು ಗುರುತಿಸಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು. ಕಾರ್ನಿಯಾದ ನರಗಳಲ್ಲೂ ಇದೇ ಗ್ರಾಹಕವಿದೆ. ಪೊರೆ ಆವಿಯಾಗಿ ಕಣ್ಣು ತುಸು ತಂಪಾದೊಡನೆ ಕಣ್ಣೀರಿಗೆ ಕರೆ ಹೋಗುವುದು ಇಲ್ಲಿಂದ. ಆ ಗ್ರಾಹಕವನ್ನೇ ಎಬ್ಬಿಸುವ ಈ ಹನಿಗೆ 2025ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಎಲ್ಲ ಭರವಸೆಗಳೂ ನಿಲ್ಲಲಿಲ್ಲ. ಮೀನೆಣ್ಣೆಯ ಗುಳಿಗೆಯನ್ನು 535 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು: ಹೋಲಿಕೆಗೆ ಕೊಟ್ಟ ಆಲಿವ್ ಎಣ್ಣೆಗಿಂತ ಅದೇನೂ ಮೇಲಾಗಿರಲಿಲ್ಲ.

ದುಬಾರಿ ಹನಿಗಳಿಗೆ ಮೊದಲು ಉದ್ಯಮಬಾಗದ ಕೆಲಸಗಾರ ಮಾಡಬಹುದಾದ್ದು ಬೇಕಷ್ಟಿದೆ. ಫ್ಯಾನನ್ನು ಮುಖದಿಂದ ಎದೆಗೆ ಇಳಿಸುವುದು. ಪಕ್ಕ ಮುಚ್ಚಿದ ಗಾಗಲ್ಸನ್ನು ಹಣೆಗೇರಿಸದೆ ಕಣ್ಣಿಗೇ ಹಾಕುವುದು. ಅದು ಕಿಡಿಯ ಜೊತೆ ಗಾಳಿಯನ್ನೂ ತಡೆದು ತೇವ ಉಳಿಸುತ್ತದೆ. ರಾತ್ರಿ ಮಲಗುವ ಮುನ್ನ ಬೆಚ್ಚಗಿನ ಅರಿವೆಯಿಂದ ಮುಚ್ಚಿದ ರೆಪ್ಪೆಗೆ ಹತ್ತು ನಿಮಿಷ ಶಾಖ ಕೊಟ್ಟು ಮೆಲ್ಲಗೆ ಒತ್ತಿದರೆ ಗಟ್ಟಿಯಾದ ಎಣ್ಣೆ ಕರಗಿ ಬರುತ್ತದೆ. ಭಟ್ಟಿಯ ಬಿಸಿ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ತೇವವನ್ನು ಎಳೆದುಕೊಳ್ಳುತ್ತದೆ. ಮನೆಯ ಔಡಲ ಎಣ್ಣೆಯನ್ನು ಕಣ್ಣಿಗೆ ಬಿಡಬೇಡಿ. ಕೆಲವು ಕಣ್ಣಿನ ಹನಿಗಳಲ್ಲಿ ಅದೇ ಎಣ್ಣೆ ಇರುವುದು ನಿಜ, ಆದರೆ ರೋಗಾಣುರಹಿತವಾಗಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಇದಕ್ಕಿಂತ ಅಪಾಯ: ಕೆಂಪು ಬೇಗ ಇಳಿಯುತ್ತದೆ, ಕಣ್ಣಿನ ಒತ್ತಡ ಸದ್ದಿಲ್ಲದೆ ಏರಬಹುದು.

ಇನ್ನು ಕೆಲವರ ಪರೀಕ್ಷೆಯಲ್ಲಿ ದೋಷ ಅಲ್ಪ, ನೋವು ವಿಪರೀತ. ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು 2016ರಲ್ಲಿ ಇಂಥವರನ್ನೇ ಅಭ್ಯಾಸ ಮಾಡಿದಾಗ ವಿಟಮಿನ್ ಡಿ ಕಡಿಮೆ ಇದ್ದದ್ದೂ ಕಣ್ಣೀರಿನಲ್ಲಿ ಉರಿಯೂತದ ಪ್ರೋಟೀನುಗಳು ಬೇರೆ ತೆರನಾಗಿದ್ದದ್ದೂ ಕಂಡಿತು. ಕೊರತೆಯೇ ನೋವಿಗೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಗುಳಿಗೆ.