ಹಕ್ಕಿಗೂ ಉಂಟು ಹಾಡಿನ ಪಾಠ

ಮಾರ್ಚ್ ಬಂತೆಂದರೆ ಮನೆಮನೆಯಲ್ಲೂ ಪರೀಕ್ಷೆಯ ಬಿಸಿ. ನಸುಕಿನಲ್ಲೇ ಎದ್ದು ಪುಸ್ತಕ ಹಿಡಿದವರ ಕಿವಿಗೆ ಕಿಟಕಿಯಾಚೆಯ ಮಾವಿನ ಮರದಿಂದ ‘ಕುಹೂ, ಕುಹೂ’ ಎಂಬ ದನಿ ಬೀಳುತ್ತದೆ. ಕೂಗಿನಿಂದ ಕೂಗಿಗೆ ಸ್ವರ ಏರುತ್ತಲೇ ಹೋಗುತ್ತದೆ. ಓದುವ ಹುಡುಗನಿಗೆ ಅದು ಅಡ್ಡಿ, ಅಜ್ಜಿಗೆ ಯುಗಾದಿಯ ಸೂಚನೆ, ಕವಿಗೆ ವಸಂತಗಾನ. ಆದರೆ ಕೋಗಿಲೆಗೆ?

ಹೀಗೆ ಹಾಡುವುದು ಮಿರಿಮಿರಿ ಕಪ್ಪಾದ ಗಂಡು ಕೋಗಿಲೆ. ಕಂದು ಮೈಯಲ್ಲಿ ಬಿಳಿ ಚುಕ್ಕೆಗಳಿರುವ ಹೆಣ್ಣಿನದು ‘ಕಿಕ್ ಕಿಕ್’ ಎಂಬ ಕೀರಲು ದನಿ. ಗಂಡಿನ ಒಂದೇ ಹಾಡಿನಲ್ಲಿ ಎರಡು ಸಂದೇಶಗಳಿವೆ. ಹೆಣ್ಣಿಗೆ ಅದು ‘ಇಲ್ಲಿದ್ದೇನೆ, ಬಾ’ ಎಂಬ ಕರೆ. ಇನ್ನೊಂದು ಗಂಡಿಗೆ ‘ಈ ಜಾಗ ನನ್ನದು’ ಎಂಬ ಎಚ್ಚರಿಕೆ.

ಕೋಗಿಲೆ ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಮರಿ ಕಣ್ಣು ಬಿಟ್ಟಾಗಿನಿಂದ ಹತ್ತಿರದಲ್ಲಿ ಕೇಳುವುದು ‘ಕಾ ಕಾ’. ಆದರೂ ಬೆಳೆದ ಮೇಲೆ ಅದು ಹಾಡುವುದು ‘ಕುಹೂ’ ಎಂದೇ! ಆ ಹಾಡು ಅದಕ್ಕೆ ಹುಟ್ಟಿನಿಂದಲೇ ಬಂದದ್ದು.

ಎಲ್ಲ ಹಕ್ಕಿಗಳಿಗೂ ಈ ಭಾಗ್ಯವಿಲ್ಲ. ಬೆಳಗಿನ ಹೊತ್ತು ನಮ್ಮ ತೋಟಗಳಲ್ಲಿ ಇಂಪಾಗಿ ಹಾಡುವ ಮಡಿವಾಳ ಹಕ್ಕಿ ಹಾಡುಹಕ್ಕಿಗಳ ದೊಡ್ಡ ಬಳಗಕ್ಕೆ ಸೇರಿದ್ದು. ಈ ಬಳಗದ ಹಕ್ಕಿಗಳು ಹಾಡನ್ನು ಕೇಳಿಯೇ ಕಲಿಯಬೇಕು. 1950ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡಬ್ಲ್ಯು. ಎಚ್. ಥಾರ್ಪ್ ಎಂಬ ವಿಜ್ಞಾನಿ ಚಾಫಿಂಚ್ ಎಂಬ ಹಾಡುಹಕ್ಕಿಯ ಮರಿಗಳನ್ನು ಹಿರಿಯ ಹಕ್ಕಿಗಳ ದನಿಯೇ ಕೇಳದಂತೆ ಸಾಕಿದರು. ಬೆಳೆದಾಗ ಅವೂ ಹಾಡಿದವು. ಆದರೆ ಆ ಹಾಡಿನಲ್ಲಿ ತಮ್ಮ ಜಾತಿಯ ಸೊಗಸಿರಲಿಲ್ಲ, ಎಲ್ಲವೂ ಅರೆಬರೆ.

ಆಸ್ಟ್ರೇಲಿಯದ ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯ ಕಲಿಕೆಯಂತೂ ನಮ್ಮ ಮಕ್ಕಳ ಮಾತಿನ ಕಲಿಕೆಯನ್ನೇ ಹೋಲುತ್ತದೆ. ಗಂಡು ಮರಿ ಮೊದಲು ಅಪ್ಪನ ಹಾಡು ಕೇಳಿ ನೆನಪಿಟ್ಟುಕೊಳ್ಳುತ್ತದೆ. ಬಳಿಕ ತೊದಲುತ್ತದೆ. ತನ್ನ ದನಿಯನ್ನು ತಾನೇ ಆಲಿಸಿ, ನೆನಪಿನ ಹಾಡಿನೊಡನೆ ಹೋಲಿಸಿ, ತಿದ್ದಿಕೊಳ್ಳುತ್ತದೆ. ಹಾಡು ಪಕ್ಕಾ ಆಗಲು ಸುಮಾರು ಮೂರು ತಿಂಗಳು ಬೇಕು. ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2000ದಲ್ಲಿ ಇನ್ನೊಂದು ಸೋಜಿಗವನ್ನು ವರದಿ ಮಾಡಿದರು. ಹಾಡುವಾಗ ಈ ಹಕ್ಕಿಯ ಮಿದುಳಿನ ಕೆಲವು ಕೋಶಗಳು ಮಿಡಿಯುವ ಬಗೆಯಲ್ಲೇ ನಿದ್ದೆಯಲ್ಲೂ ಆಗಾಗ ಮಿಡಿಯುತ್ತವೆ. ಹಕ್ಕಿ ನಿದ್ದೆಯಲ್ಲೂ ಪಾಠ ಒಪ್ಪಿಸುತ್ತಿದೆಯೋ ಎಂಬಂತೆ!

ಕೇಳುವುದು, ತೊದಲುವುದು, ತಪ್ಪುವುದು, ತಿದ್ದಿಕೊಳ್ಳುವುದು, ಚೆನ್ನಾಗಿ ನಿದ್ದೆ ಮಾಡುವುದು – ಹಕ್ಕಿಯ ಪಾಠಶಾಲೆಯಲ್ಲಿ ಇಷ್ಟಕ್ಕೂ ಜಾಗವಿದೆ. ನಮ್ಮ ಮನೆಗಳಲ್ಲಿ ಮಾತ್ರ ಪರೀಕ್ಷೆ ಹತ್ತಿರವಾದಂತೆ ಮೊದಲು ಮೊಟಕಾಗುವುದು ನಿದ್ದೆ, ಮೊದಲು ಏರುವುದು ತಪ್ಪನ್ನು ಹಳಿಯುವ ದನಿ.

ನಾಳೆ ಬೆಳಿಗ್ಗೆ ಅಪ್ಪ, ಅಮ್ಮ, ಮಕ್ಕಳು ಕೂಡಿ ಹತ್ತು ನಿಮಿಷ ಅಂಗಳದಲ್ಲೋ ತಾರಸಿಯ ಮೇಲೋ ಸುಮ್ಮನೆ ನಿಂತು ಆಲಿಸಿ. ಯಾವ ಹಕ್ಕಿ, ಯಾರನ್ನು ಕರೆಯುತ್ತಿದೆ ಎಂದು ಊಹಿಸಿ. ಪುಸ್ತಕ ಎಲ್ಲಿಗೂ ಹಾರಿಹೋಗುವುದಿಲ್ಲ.